ಆಳೆತ್ತರದ ಹುಲ್ಲು, ಇಳಿದ ಹಾಲು

ಹರಿಹರದ ಹತ್ತಿರ ಭದ್ರಾ ಕಾಲುವೆ ನೀರಿನಲ್ಲಿ ನಮ್ಮ ಭಾವ ಹತ್ತು ಗುಂಟೆ ನೇಪಿಯರ್ ಮೇವಿನ ಹುಲ್ಲು ಹಾಕಿದ್ದಾರೆ. ಹೋದ ಸಲ ಹೋದಾಗ ಮೊದಲು ಹೊಲಕ್ಕೇ ಕರೆದೊಯ್ದರು. "ನೋಡೋ, ನಿನ್ ತಲೆ ಮ್ಯಾಲೆ ಇನ್ನೂ ಎರಡು ಮೊಳ ಐತಿ!" ಬೆನ್ನಿಗೇ ಇನ್ನೊಂದು ಮಾತು: ಹೊರೆಗಟ್ಟಲೆ ಹಾಕಿದರೂ ಹಾಲು ಇಳಿದೈತಿ, ಡೇರಿಯಲ್ಲಿ ಎಸ್‌ಎನ್‌ಎಫ್ (ಹಾಲಿನ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಬರವಲ್ದು, ಯಾರದೋ ಕಣ್ಣು ಬಿದ್ದೈತಿ. ಕೊಟ್ಟಿಗೆ ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಆಗಲೇ ತೂಗುತ್ತಿದ್ದವು. ನಾನು ಗೋದಲಿಗೆ ಬಗ್ಗಿ ನೋಡಿದೆ. ಎಲೆ ಒಂದೂ ಇಲ್ಲ. ಹೆಬ್ಬೆರಳು ಗಾತ್ರದ ದಂಟುಗಳು ಮಾತ್ರ ಅಡ್ಡಾದಿಡ್ಡಿ ಬಿದ್ದಿದ್ದವು. ಹಸು ತನ್ನ ತೀರ್ಪು ಕೊಟ್ಟಾಗಿತ್ತು.

ಹುಲ್ಲಿನ ನಾರನ್ನು ಅರಗಿಸುವುದು ಹಸುವಲ್ಲ, ಅದರ ಮೊದಲ ಹೊಟ್ಟೆ ರೂಮೆನ್‌ನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವಕ್ಕೆ ಬೇಕಾದ ಸೆಲ್ಯುಲೋಸ್ ಎಂಬ ನಾರು ಹುಲ್ಲಿನ ಜೀವಕೋಶಗಳ ಗೋಡೆಯಲ್ಲಿದೆ. ಹುಲ್ಲು ಬಲಿತಂತೆ ಆ ಗೋಡೆಯೊಳಗೆ ಲಿಗ್ನಿನ್ ಇಳಿಯುತ್ತದೆ. ಮರಕ್ಕೆ ಮರದ ಗಟ್ಟಿತನ ಕೊಡುವ ವಸ್ತುವೇ ಅದು. ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವುದಿಲ್ಲವೇ? ಪಟ್ಟನೆ ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು; ನಾವು ಪರೀಕ್ಷಿಸುವುದು ನಾರನ್ನೇ. ಸಾಲದೆಂದರೆ ದುರ್ಗದ ಕೋಟೆಗೆ ಬನ್ನಿ. ಎಳೆ ಹುಲ್ಲಿನ ಗೋಡೆಯಲ್ಲಿ ಕಿಂಡಿಗಳಿವೆ, ರೂಮೆನ್‌ನ ಸೈನ್ಯ ಅದರೊಳಗೆ ನುಸುಳಿ ಸೂರೆ ಹೊಡೆಯುತ್ತದೆ. ಲಿಗ್ನಿನ್ ಬಂತೆಂದರೆ ಪ್ರತಿ ಕಿಂಡಿಯಲ್ಲೂ ಒನಕೆ ಹಿಡಿದ ಒಬ್ಬೊಬ್ಬ ಓಬವ್ವ ನಿಂತ ಹಾಗೆ. (ದುರ್ಗದವರು ಮುನಿಸಿಕೊಳ್ಳಬಾರದು, ಇದು ಹೊಗಳಿಕೆಯೇ.) ಹೈದರಾಲಿ ಕೊನೆಗೆ 1779ರಲ್ಲಿ ಕೋಟೆ ಹಿಡಿದ. ರೂಮೆನ್ ಸೈನ್ಯಕ್ಕೆ ಆ ಭಾಗ್ಯವೂ ಇಲ್ಲ: ಲಿಗ್ನಿನ್ ಒಡೆಯಲು ಆಮ್ಲಜನಕ ಬೇಕು, ರೂಮೆನ್‌ನೊಳಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಏಳುವ ಅಣಬೆಗಳಲ್ಲಿ ಕೆಲವು ಮಾಡುವ ಆ ಕೆಲಸ ಹಸುವಿನ ಹೊಟ್ಟೆಯಲ್ಲಿ ಆಗದು. ನಮ್ಮಂಥ ಬಿಸಿಲು ಸೀಮೆಯಲ್ಲಂತೂ ಈ ಬಲಿಯುವಿಕೆ ಇನ್ನೂ ಬೇಗ.

ಗೋಡೆ ಗಟ್ಟಿಯಾಗುವಾಗಲೇ ಪ್ರೋಟೀನೂ ಇಳಿಯುತ್ತದೆ, ಏಕೆಂದರೆ ಅದು ಹೆಚ್ಚಿರುವುದು ಎಲೆಯಲ್ಲಿ. ವಯಸ್ಸಾದ ಹುಲ್ಲಿನಲ್ಲಿ ದಂಟಿನದೇ ಪಾಲು. ಮೇವಿನ ಪ್ರೋಟೀನ್ ಅಳೆಯುವ ವಿಧಾನ ಹುಟ್ಟಿದ್ದು ಕೊಟ್ಟಿಗೆಗಾಗಿ ಅಲ್ಲ, ಬಿಯರ್‌ಗಾಗಿ! ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರೋಟೀನಿನೊಳಗಿನ ಸಾರಜನಕ ಅಳೆಯುವ ದಾರಿ ಪ್ರಕಟಿಸಿದ. ಆ ಸಾರಜನಕವನ್ನು 6.25ರಿಂದ ಗುಣಿಸಿದರೆ ಕಚ್ಚಾ ಪ್ರೋಟೀನ್. ಒಣತೂಕದಲ್ಲಿ ಇದು ಶೇ. 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳೇ ಹಸಿದು ಸೊರಗುತ್ತವೆ, ಮೇವು ಹೊಟ್ಟೆಯಲ್ಲೇ ಕೂರುತ್ತದೆ, ಹಸು ತಿನ್ನುವುದನ್ನೂ ಕಡಿಮೆ ಮಾಡುತ್ತದೆ.

ಭಾವನಿಗೆ ಒಂದು ಲೆಕ್ಕ ಹಾಕಿ ತೋರಿಸಿದೆ. ತೊಂಬತ್ತು ದಿನ ಬಿಟ್ಟು ಒಮ್ಮೆ ಕೊಯ್ದರೆ ಒಣತೂಕ 100 ಕೆ.ಜಿ., ಪ್ರೋಟೀನ್ ಶೇ. 5 ಅಂತಿಟ್ಟುಕೊಳ್ಳಿ: ಸಿಕ್ಕಿದ್ದು 5 ಕೆ.ಜಿ. ಅದೇ ನಲವತ್ತೈದು ದಿನಕ್ಕೊಮ್ಮೆ ಎರಡು ಸಲ ಕೊಯ್ದು ಒಟ್ಟು 70 ಕೆ.ಜಿ. ಬಂತು, ಪ್ರೋಟೀನ್ ಶೇ. 9: ಆಗ 6.3 ಕೆ.ಜಿ. ಹೊರೆ ಸಣ್ಣದು, ಸಾರ ದೊಡ್ಡದು. ನೆಟ್ಟ ಎಪ್ಪತ್ತೈದು ದಿನಕ್ಕೆ ಮೊದಲ ಕೊಯ್ಲು, ಆಮೇಲೆ ನಲವತ್ತೈದು ದಿನಕ್ಕೊಂದು ಎಂದು ಹೈಬ್ರಿಡ್ ನೇಪಿಯರ್‌ಗೆ ಹೇಳುವುದು ಇದಕ್ಕೇ.

"ಹಂಗಾರೆ ಇಪ್ಪತ್ತು ದಿನಕ್ಕೇ ಕೊಯ್ದರಾತು" ಎಂದರು ಭಾವ. ಆಗದು. ಮರುಚಿಗುರು ಬರುವುದು ಕೂಳೆಯಲ್ಲೂ ಬೇರಿನಲ್ಲೂ ಕೂಡಿಟ್ಟ ಗಂಟಿನಿಂದ. ಅದು ತುಂಬುವ ಮೊದಲೇ ಮತ್ತೆ ಮತ್ತೆ ಬೋಳಿಸಿದರೆ ಬುಡವೇ ಸಾಯುತ್ತದೆ. ತೀರ ಎಳೆಯ ನೇಪಿಯರ್‌ನಲ್ಲಿ ಆಕ್ಸಲೇಟ್ ಎಂಬ ವಸ್ತು ಹೆಚ್ಚು, ಅದು ಹಸುವಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ.

ಜೋಳದ ಮಾತು ಇನ್ನೂ ಭಯಂಕರ. ಚಳ್ಳಕೆರೆ, ಹಿರಿಯೂರಿನ ಕಡೆ ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವನ್ನು ಮೇಯ್ದ ದನ ನಿಂತಲ್ಲೇ ಉರುಳಿದರೆ "ಯಾರೋ ಮಾಡಿಸ್ಯಾರೆ" ಎಂದು ಮಂತ್ರಿಸುವವರ ಮನೆಗೆ ಓಡುವವರಿದ್ದಾರೆ. ಮಾಡಿಸಿದ್ದು ಜೋಳವೇ: ಅದರೊಳಗಿನ ಧುರ‍್ರಿನ್ ಎಂಬ ರಾಸಾಯನಿಕ ಹೊಟ್ಟೆ ಸೇರಿ ಸಯನೈಡ್ ಆಗುತ್ತದೆ. ಬೇಗ ಬಂದರೆ ಪಶುವೈದ್ಯರ ಇಂಜೆಕ್ಷನ್ ಉಳಿಸಬಲ್ಲದು. ಮಂತ್ರಕ್ಕೆ ಹೋದ ಅರ್ಧ ಗಂಟೆ ಮಾತ್ರ ವಾಪಸ್ ಬರದು. ಅದಕ್ಕೇ ಮೇವಿನ ಜೋಳವನ್ನು ಹೂ ಬಿಡುವವರೆಗೆ ಮುಟ್ಟಬಾರದು. ನೇಪಿಯರ್‌ಗೆ ಬಲಿಯುವುದು ದೋಷ, ಜೋಳಕ್ಕೆ ಬಲಿಯದಿರುವುದು ದೋಷ.

ಭಾವ ಈಗ ಹತ್ತು ಗುಂಟೆಯನ್ನು ಪಾತಿ ಮಾಡಿಕೊಂಡು ಸರದಿಯ ಮೇಲೆ ಕೊಯ್ಯುತ್ತಿದ್ದಾರೆ, ಗೋದಲಿಯಲ್ಲಿ ದಂಟು ಉಳಿಯುತ್ತಿಲ್ಲ. ರಸ್ತೆ ಬದಿಯ ಒಂದು ಸಾಲನ್ನು ಮಾತ್ರ ಕೊಯ್ಯದೆ ಬಿಟ್ಟಿದ್ದಾರೆ, ಬಸ್ಸಿನಲ್ಲಿ ಹೋಗುವವರು ನೋಡಲಿ ಅಂತ. ದೃಷ್ಟಿ ತಾಕದಿರಲೆಂದು ಅದಕ್ಕೊಂದು ಹಳೇ ಚಪ್ಪಲಿಯನ್ನೂ ಕಟ್ಟಿದ್ದಾರೆ.