ಹೋದ ಜ್ವರ ತಿರುಗಿ ಬಂದರೆ

ಲಿವರಿನ ಕ್ಯಾನ್ಸರ್ ಗಡ್ಡೆಗೆ ಟೇಸ್ (TACE) ಎಂಬ ಚಿಕಿತ್ಸೆ ಮಾಡಿಸಿಕೊಂಡ ತುಂಬಾ ಜನರಿಗೆ ಮೊದಲ ಎರಡು ಮೂರು ದಿನ ಜ್ವರ ಬರುತ್ತದೆ. ಇದನ್ನು ನಾವು ಮೊದಲೇ ಹೇಳಿ ಮನೆಗೆ ಕಳಿಸುತ್ತೇವೆ. ಹಾಗೆ ಹೇಳುವುದರಿಂದಲೇ ಇನ್ನೊಂದು ಎಡವಟ್ಟು ಆಗುತ್ತದೆ. ಮೂರನೇ ವಾರ ಚಳಿಜ್ವರ ಬಂದರೂ "ಡಾಕ್ಟ್ರು ಹೇಳಿದ್ದಾರಲ್ವಾ, ಜ್ವರ ಬರ್ತದೆ ಅಂತ" ಎಂದು ಮನೆಯಲ್ಲೇ ಉಳಿಯುತ್ತಾರೆ. ಅದರ ಮೇಲೆ ನಮ್ಮ ಮಂಗಳೂರಿನ ಮಳೆಗಾಲ ಬೇರೆ. ಮಲೇರಿಯಾ, ಡೆಂಗಿ, ಇಲಿ ಜ್ವರ ಎಲ್ಲ ಇರುವ ಊರಿನಲ್ಲಿ ಜ್ವರಕ್ಕೊಂದು ಕಾರಣ ಸಿಗುವುದು ಕಷ್ಟವಲ್ಲ. ಸರಿಯಾದ ಕಾರಣ ಸಿಗುವುದು ಕಷ್ಟ.

ಟೇಸ್ ಅಂದರೆ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ಲಿವರಿಗೆ ರಕ್ತ ಬರುವುದು ಎರಡು ದಾರಿಯಲ್ಲಿ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನಿನಿಂದ, ಉಳಿದದ್ದು ಹೆಪಾಟಿಕ್ ಆರ್ಟರಿ ಎಂಬ ಅಪಧಮನಿಯಿಂದ. ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಗಡ್ಡೆ ಬೆಳೆಯುವುದು ಹೆಚ್ಚಾಗಿ ಆರ್ಟರಿಯ ರಕ್ತದಿಂದಲೇ. ಹಾಗಾಗಿ ತೊಡೆಸಂದು ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಪೂರ ಕೊಳವೆ (ಕ್ಯಾತಿಟರ್) ತೂರಿಸಿ, ಗಡ್ಡೆಗೆ ಹೋಗುವ ಕವಲಿನವರೆಗೆ ಹೋಗಿ, ಡಾಕ್ಸೊರುಬಿಸಿನ್‌ನಂತಹ ಕೀಮೋ ಔಷಧಿ ಬಿಟ್ಟು, ಆ ಕವಲನ್ನೇ ಮುಚ್ಚಿಬಿಡುತ್ತೇವೆ. ಗಡ್ಡೆಗೆ ಔಷಧಿಯೂ ತಾಗಿತು, ಊಟವೂ ನಿಂತಿತು. ಆಪರೇಶನ್ ಮಾಡಲಾಗದವರಲ್ಲೂ ಸರಿಯಾಗಿ ಆಯ್ದು ಮಾಡಿದರೆ ಆಯಸ್ಸು ಹೆಚ್ಚುತ್ತದೆ ಎಂದು 2002ರಲ್ಲಿ ಹಾಂಗ್‌ಕಾಂಗ್ ಮತ್ತು ಬಾರ್ಸಿಲೋನಾದಿಂದ ಬಂದ ಎರಡು ಅಧ್ಯಯನಗಳು ತೋರಿಸಿದವು.

ಆದರೆ ಆರ್ಟರಿಯನ್ನೇ ನಂಬಿಕೊಂಡವರು ಅಲ್ಲಿ ಇನ್ನೊಬ್ಬರಿದ್ದಾರೆ. ಪಿತ್ತನಾಳಗಳು. ಲಿವರಿನ ಜೀವಕೋಶಗಳಿಗೆ ಪೋರ್ಟಲ್ ವೇನಿನ ಆಸರೆ ಉಂಟು, ಪಿತ್ತನಾಳದ ಗೋಡೆಗೆ ಅದು ಇಲ್ಲವೆಂದೇ ಹೇಳಬೇಕು. ಆರ್ಟರಿ ಮುಚ್ಚಿದಾಗ ಗಡ್ಡೆಯ ಜೊತೆ ಸುತ್ತಲಿನ ಸಣ್ಣ ಪಿತ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಒಂದು ಕಡೆ ಸತ್ತ ಗಡ್ಡೆ, ಪಕ್ಕದಲ್ಲೇ ಸೋರುವ ಪಿತ್ತನಾಳ. ಪಿತ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಕೀವುಗಟ್ಟಲು ಇನ್ನೇನು ಬೇಕು?

ಸಾಮಾನ್ಯವಾಗಿ ಪಿತ್ತದಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟು ನೋಡಿದ್ದೀರಲ್ಲ, ಹಲಗೆ ಹಾಕಿದರೆ ಭರತದ ಉಪ್ಪುನೀರು ಮೇಲೆ ಬರುವುದಿಲ್ಲ. ಪಿತ್ತನಾಳ ಕರುಳಿಗೆ ಸೇರುವ ಜಾಗದಲ್ಲೂ ಅಂಥದ್ದೇ ಒಂದು ಸ್ನಾಯುವಿನ ತಡೆ ಇದೆ. ಪಿತ್ತ ಕೆಳಗೆ ಹೋಗುತ್ತದೆ, ಕರುಳಿನ ಬ್ಯಾಕ್ಟೀರಿಯಾ ಮೇಲೆ ಬರುವುದಿಲ್ಲ. ಕಾಮಾಲೆಗೆಂದು ಪಿತ್ತನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟವರಲ್ಲಿ, ಎಂಡೋಸ್ಕೋಪಿಯಲ್ಲಿ ಕಲ್ಲು ತೆಗೆಯುವಾಗ ಆ ಸ್ನಾಯುವನ್ನು ಕತ್ತರಿಸಿದವರಲ್ಲಿ, ಮೇದೋಜೀರಕ ಗ್ರಂಥಿಯ ತಲೆಭಾಗ ತೆಗೆಯುವ ವಿಪಲ್ ಆಪರೇಶನ್ನಿನಲ್ಲಿ ಪಿತ್ತನಾಳವನ್ನು ನೇರ ಕರುಳಿಗೆ ಜೋಡಿಸಿದವರಲ್ಲಿ ಆ ತಡೆಯೇ ಇರುವುದಿಲ್ಲ. ಟೇಸ್ ಆದ ಮೇಲೆ ಲಿವರಿನಲ್ಲಿ ಕೀವುಗಟ್ಟುವುದು ಒಟ್ಟಾರೆ ಅಪರೂಪ, ನೂರರಲ್ಲಿ ಒಬ್ಬಿಬ್ಬರು ಅಂತ ಇಟ್ಟುಕೊಳ್ಳಿ. ಈ ಗುಂಪಿನವರಲ್ಲಿ ಅದು ಹಲವು ಪಟ್ಟು ಜಾಸ್ತಿ.

ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಹಳೆಯ ಆಪರೇಶನ್ ಬಗ್ಗೆ. ಇದಕ್ಕೆ ಉತ್ತರ ಸುಲಭದಲ್ಲಿ ಬರುವುದಿಲ್ಲ. "ಹಿಂದೆ ಒಮ್ಮೆ ಕಲ್ಲು ತೆಗ್ದಿದ್ರು ಡಾಕ್ಟ್ರೇ, ಅದು ಬಿಡಿ, ಹಳೇ ಕತೆ" ಅನ್ನುತ್ತಾರೆ. ಅದನ್ನು ಬಿಡುವ ಹಾಗಿಲ್ಲ ಮಾರಾಯ್ರೆ. ಎಲ್ಲಿ, ಹೇಗೆ ತೆಗೆದರು, ಸ್ಟೆಂಟ್ ಇಟ್ಟಿದ್ದರಾ, ಆಮೇಲೆ ತೆಗೆದರಾ? ಕಪಾಟಿನಲ್ಲಿ ಬಿದ್ದಿರುವ ಹಳೆಯ ಡಿಸ್ಚಾರ್ಜ್ ಸಮ್ಮರಿ ಇಲ್ಲಿ ಹೊಸ ಸ್ಕ್ಯಾನಿನಷ್ಟೇ ಮುಖ್ಯ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಗಡ್ಡೆ ತುಂಬಾ ದೊಡ್ಡದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೆಪಟೈಟಿಸ್ ಬಿ ಇದ್ದವರ ವಿಷಯ ಬೇರೆ. ಕೀಮೋ ಔಷಧಿಯಿಂದ ಆ ವೈರಸ್ ಮತ್ತೆ ತಲೆ ಎತ್ತಬಹುದು, ಅದಕ್ಕೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮೊದಲೇ ಶುರು ಮಾಡುತ್ತೇವೆ.

ಆಂಟಿಬಯಾಟಿಕ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪಿತ್ತನಾಳ ಸರಿಯಿದ್ದವರಿಗೆ ಟೇಸ್ ದಿನ ಒಂದು ಡೋಸ್ ಕೊಡುವುದು ತುಂಬಾ ಕಡೆ ರೂಢಿ. ಅದೂ ಬೇಕೇ ಬೇಕು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. "ಯಾವುದಕ್ಕೂ ಇರಲಿ" ಅಂತ ಮನೆಗೆ ಹೋಗುವಾಗ ವಾರದ ಮಾತ್ರೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ನಿಜವಾಗಿ ಸೋಂಕು ಬಂದಾಗ ಮದ್ದು ಕೇಳದ ಬ್ಯಾಕ್ಟೀರಿಯಾ ಉಳಿದಿರುತ್ತದೆ. ತಡೆ ಹೋದವರಿಗೆ ಮಾತ್ರ ಕತೆ ಬೇರೆ. ಅವರಿಗೆ ಟೇಸ್‌ಗೆ ಮೊದಲೇ ಶುರು ಮಾಡಿ, ಆಮೇಲೂ ಎರಡು ವಾರದಷ್ಟು ಕೊಡುವುದುಂಟು. ಇಷ್ಟು ಮಾಡಿಯೂ ಅಪಾಯ ಪೂರ್ತಿ ಹೋಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ಈಗ ಜ್ವರದ ವಿಷಯ. ಟೇಸ್ ಆದ ಕೂಡಲೇ ಬರುವ ಜ್ವರ ಸತ್ತ ಗಡ್ಡೆಗೆ ದೇಹ ಕೊಡುವ ಪ್ರತಿಕ್ರಿಯೆ. ಜೊತೆಗೆ ಹೊಟ್ಟೆನೋವು, ವಾಂತಿ, ಗಂಜಿಯೂ ಸೇರದಂಥ ಸುಸ್ತು. ದಿನದಿಂದ ದಿನಕ್ಕೆ ಇಳಿಯುತ್ತಾ ಸಾಮಾನ್ಯವಾಗಿ ವಾರದೊಳಗೆ ಮುಗಿಯುತ್ತದೆ. ಕೀವಿನ ಜ್ವರ ಹಾಗಲ್ಲ. ಹೆಚ್ಚಾಗಿ ಒಂದು ವಾರದಿಂದ ನಾಲ್ಕು ವಾರದ ಒಳಗೆ ಬರುತ್ತದೆ. ಇಳಿದದ್ದು ಮತ್ತೆ ಏರುತ್ತದೆ, ಗಡಗಡ ನಡುಗಿಸುತ್ತದೆ, ಬಲಪಕ್ಕೆಯ ಕೆಳಗೆ ನೋವು ಇರುತ್ತದೆ.

ಕಾರ್ಕಳ ಕಡೆಯ ಒಬ್ಬರು ಹಿರಿಯರ ಸೊಸೆ ಗೋಡೆಯ ಕ್ಯಾಲೆಂಡರನ್ನೇ ಬಿಚ್ಚಿಕೊಂಡು ಬಂದಿದ್ದರು. ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಡೋಲೊ ಎಷ್ಟು ಗಂಟೆಗೆ. ಮೊದಲು 101, 100, 99. ಆಮೇಲೆ ಸಾಲಾಗಿ ಏನೂ ಇಲ್ಲ. ಮತ್ತೆ 102, ಅದರ ಪಕ್ಕ "ಚಳಿ" ಅಂತ. "ಮಾವನಿಗೆ ಇದು ಮಲೇರಿಯಾ ಅಂತ ಎಲ್ಲ ಹೇಳ್ತಿದ್ರು, ನಂಗೆ ಯಾಕೋ ಸರಿ ಕಾಣ್ಲಿಲ್ಲ" ಅಂದರು. ರಕ್ತದಲ್ಲಿ ಮಲೇರಿಯಾ ಇರಲಿಲ್ಲ. ಸ್ಕ್ಯಾನಿನಲ್ಲಿ ಕೀವು ಕಂಡಿತು. ಆ ಹಾಳೆ ಇಲ್ಲದಿದ್ದರೆ ನಾವೂ ಇನ್ನೆರಡು ದಿನ ಸುತ್ತುತ್ತಿದ್ದೆವೇನೋ.

ಡೋಲೊ ಆರು ಗಂಟೆಗೊಮ್ಮೆ ನುಂಗುತ್ತಿದ್ದರೆ ಇಂಥ ಚಿತ್ರ ಸಿಗುವುದೇ ಇಲ್ಲ, ಜ್ವರ ಅಡಗಿಬಿಡುತ್ತದೆ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ) ಇದ್ದವರಿಗೆ ದಿನಕ್ಕೆ 2 ಗ್ರಾಂಗಿಂತ ಜಾಸ್ತಿ ಪ್ಯಾರಾಸಿಟಮಾಲ್ ಬೇಡ, ಅಂದರೆ 650ರ ಮಾತ್ರೆ ಮೂರೇ. ನುಂಗುವ ಮೊದಲು ಥರ್ಮಾಮೀಟರ್ ಇಡಿ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಜ್ವರ ಜೋರು ಬರಲೇಬೇಕು ಅಂತಿಲ್ಲ. ಊಟ ಬಿಟ್ಟು ಮಂಕಾಗಿ ಮಲಗಿದರೆ ಅದೂ ಲಕ್ಷಣವೇ. ಕಿರುನೆಲ್ಲಿ ಕಷಾಯ ಕುಡಿಸಿ ಕಾಯುವ ಸಮಯ ಅದಲ್ಲ.

ಸ್ಕ್ಯಾನ್ ಬಗ್ಗೆ ಒಂದು ಮಾತು. ಟೇಸ್ ಆದ ಹೊಸತರಲ್ಲಿ ಸಿಟಿ ಸ್ಕ್ಯಾನಿನಲ್ಲಿ ಗಡ್ಡೆಯ ಒಳಗೆ ಗಾಳಿಗುಳ್ಳೆ ಕಾಣಬಹುದು. ರಿಪೋರ್ಟಿನಲ್ಲಿ 'ಗ್ಯಾಸ್' ಎಂದು ಓದಿ ಗಾಬರಿಯಾಗುವವರಿದ್ದಾರೆ. ಗುಳ್ಳೆ ಇದ್ದ ಮಾತ್ರಕ್ಕೆ ಸೋಂಕು ಅಲ್ಲ. ರೋಗಿ ಹೇಗಿದ್ದಾರೆ, ರಕ್ತದ ಬಿಳಿಕಣ ಏರಿದೆಯಾ, ಇದನ್ನೆಲ್ಲ ಸೇರಿಸಿ ನೋಡಬೇಕು.

ಕೀವು ಖಾತ್ರಿಯಾದರೆ ಅಲ್ಟ್ರಾಸೌಂಡ್ ನೋಡಿಕೊಂಡು ಚರ್ಮದ ಮೂಲಕ ಪಿಗ್‌ಟೇಲ್ ಟ್ಯೂಬ್ ಹಾಕುತ್ತೇವೆ. ಕೀವು ಚೀಲಕ್ಕೆ ಇಳಿಯುತ್ತದೆ, ಜೊತೆಗೆ ಆಂಟಿಬಯಾಟಿಕ್. ಬಣ್ಣ ಹಸಿರು ಹಳದಿಯಾಗಿ ಪಿತ್ತದ ಹಾಗೆ ಬರತೊಡಗಿದರೆ ಪಿತ್ತನಾಳ ಸೋರುತ್ತಿದೆ ಅಂತ ಲೆಕ್ಕ, ಟ್ಯೂಬ್ ಜಾಸ್ತಿ ದಿನ ಇರಬೇಕಾಗುತ್ತದೆ. ಮೊದಲು ಬಂದ ಕೀವನ್ನು ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆಗೆ, ಕಳಿಸಲೇಬೇಕು. ಹೆಚ್ಚಾಗಿ ಸಿಗುವುದು ಕರುಳಿನ ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಎಂಟರೊಕಾಕಸ್.

ನಮ್ಮ ಮಂಗಳೂರು, ಉಡುಪಿಯಲ್ಲಿ ಇನ್ನೊಂದನ್ನು ಮರೆಯಬಾರದು: ಮೆಲಿಯಾಯ್ಡೋಸಿಸ್. ಮಣ್ಣು, ಕೆಸರುನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಜಾಸ್ತಿ. ಮಣಿಪಾಲದ ವೈದ್ಯರು ಇದರ ಬಗ್ಗೆ ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಇದು ಟೇಸ್‌ನಿಂದ ಬರುವುದಲ್ಲ. ಆದರೆ ಲಿವರ್, ಸ್ಪ್ಲೀನ್‌ನಲ್ಲಿ (ಗುಲ್ಮದಲ್ಲಿ) ಕೀವು ಮಾಡುವುದರಿಂದ ಸುಲಭದಲ್ಲಿ ದಾರಿ ತಪ್ಪಿಸುತ್ತದೆ. ಇದಕ್ಕೆ ಸಾಮಾನ್ಯ ಆಂಟಿಬಯಾಟಿಕ್ ಸಾಲದು. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಗದ್ದೆ ಕೆಲಸ ಉಂಟಾ ಅಂತ ಕೇಳಿ ಲ್ಯಾಬಿಗೆ ಬರೆದು ಕಳಿಸಿದರೆ ಅವರೂ ಹುಡುಕಿ ನೋಡುತ್ತಾರೆ.

ಒಮ್ಮೆ ಕೀವಾದವರಿಗೆ ಮತ್ತೆ ಟೇಸ್ ಮಾಡಬಹುದಾ? ಸೋಂಕು ಪೂರ್ತಿ ವಾಸಿಯಾಗುವವರೆಗೆ ಇಲ್ಲ. ಆಮೇಲೂ ನಾನು ಬೇರೆ ದಾರಿ ಇದೆಯಾ ಎಂದು ಮೊದಲು ನೋಡುತ್ತೇನೆ. ಗಡ್ಡೆ ಚಿಕ್ಕದಿದ್ದರೆ ಸೂಜಿ ಚುಚ್ಚಿ ಸುಡುವ ಅಬ್ಲೇಶನ್ ಇದೆ, ಆದರೆ ಪಿತ್ತನಾಳದ ತಡೆ ಹೋದವರಿಗೆ ಅದರಲ್ಲೂ ಕೀವಿನ ಭಯ ತಪ್ಪಿದ್ದಲ್ಲ. ವಿಕಿರಣ ಸೂಸುವ ಯಿಟ್ರಿಯಂ 90ರ ಕಣಗಳನ್ನು ಬಿಡುವ ರೇಡಿಯೊಎಂಬೊಲೈಸೇಶನ್‌ನಲ್ಲಿ ರಕ್ತನಾಳ ಅಷ್ಟು ಮುಚ್ಚುವುದಿಲ್ಲ, ಹಾಗಾಗಿ ಕೀವಿನ ಅಪಾಯ ಕಡಿಮೆ ಇರುವಂತೆ ಕಾಣುತ್ತದೆ. ಖರ್ಚು ಮಾತ್ರ ಲಕ್ಷಗಳಲ್ಲಿ.