ಅಕ್ಕ ಬರೆಸಿಟ್ಟು ಹೋದ ಉಯಿಲು

ಶಿವಮೊಗ್ಗದ ನ್ಯಾಯಾಲಯದ ಆವರಣಕ್ಕೆ ವಾರಕ್ಕೊಮ್ಮೆಯಾದರೂ ನೀಲಿ ಫೈಲೊಂದನ್ನು ಎದೆಗವಚಿಕೊಂಡು ಬರುತ್ತಿದ್ದ, ಬಂದವರೇ ನನ್ನ ಮೇಜಿನ ಎದುರು ಕೂತು ತಮಗಲ್ಲದೆ ಬೇರೆ ಯಾರಿಗೋ ಆಗಬೇಕಾದ ಕೆಲಸವನ್ನೇ ಹೇಳುತ್ತಿದ್ದ ಹಿರಿಯ ಮಂಗಳಮುಖಿಯೊಬ್ಬರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಮನೆಯವರ ನೆಮ್ಮದಿಗಾಗಿ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಹೆಸರಿಗಾಗಿಯೇ ಅವರು ಅರ್ಧ ಆಯುಷ್ಯ ಸವೆಸಿದರು. ವಕೀಲಿ ವೃತ್ತಿಯಲ್ಲಿರುವ ನನಗೆ ಕಾಗದದ ಮೇಲಿನ ಹೆಸರಿನ ಬೆಲೆಯನ್ನು ಅವರಷ್ಟು ಚೆನ್ನಾಗಿ ತಿಳಿಸಿಕೊಟ್ಟವರು ಬೇರೊಬ್ಬರಿಲ್ಲ.

ಸೊರಬ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಅವರು ಹರೆಯದಲ್ಲೇ ಚಂದ್ರಗುತ್ತಿಯ ರೇಣುಕಾಂಬೆಗೆ ನಡೆದುಕೊಂಡು, ಮನೆ ತೊರೆದು, ಊರೂರು ತಿರುಗಿ ಕೊನೆಗೆ ಶಿವಮೊಗ್ಗದಲ್ಲಿ ನೆಲೆ ನಿಂತವರು. ಅವರು ಮೊದಲ ಬಾರಿ ನನ್ನಲ್ಲಿಗೆ ಬಂದದ್ದು, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿದ ಮೇಲೆ. ಮಂಗಳಮುಖಿ ಸಮುದಾಯದವರ ಹೆಸರು, ವಿಳಾಸಗಳ ಪಟ್ಟಿ ಇಡಲು ಪೊಲೀಸರಿಗೆ ಅವಕಾಶ ಕೊಡುತ್ತಿದ್ದ ಆ ಕಲಂ, ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳಿನಂತಿತ್ತು. ನಮ್ಮ ಹೆಸರು ಪಟ್ಟಿಯಲ್ಲಿ ಇರಲಿ ವಕೀಲರೇ, ಆದರೆ ಅದು ಠಾಣೆಯ ಪಟ್ಟಿಯಾಗುವುದು ಬೇಡ, ರೇಷನ್ ಅಂಗಡಿಯ ಪಟ್ಟಿಯಾಗಲಿ ಎಂದು ಅವರು ಅಂದು ಹೇಳಿದ್ದು ನನಗೆ ಈಗಲೂ ನೆನಪಿದೆ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಆಮೇಲೆ ಈ ಸಮುದಾಯದವರ ಹಕ್ಕುಗಳ ರಕ್ಷಣೆಗೆಂದು 2019ರ ಕಾಯ್ದೆ ಬಂತು. ಅದರಡಿ 2020ರಲ್ಲಿ ಬಂದ ನಿಯಮಗಳು, ಅರ್ಜಿದಾರರು ಪ್ರಮಾಣ ಮಾಡಿ ಕೊಡುವ ಅಫಿಡವಿಟ್ಟನ್ನೇ ಆಧಾರವಾಗಿಟ್ಟುಕೊಂಡು, ಯಾವ ದೈಹಿಕ ಪರೀಕ್ಷೆಯೂ ಇಲ್ಲದೆ, 30 ದಿನಗಳೊಳಗೆ ಜಿಲ್ಲಾಧಿಕಾರಿ ಗುರುತಿನ ಪ್ರಮಾಣಪತ್ರ ನೀಡಬೇಕೆಂದು ಹೇಳಿದವು. ಒಂದು ಕಚೇರಿಯಲ್ಲಿ ವೈದ್ಯರ ಪತ್ರ ತನ್ನಿ ಎಂದು ಹುಡುಗಿಯೊಬ್ಬಳನ್ನು ಮೂರು ಬಾರಿ ತಿರುಗಿಸಿದಾಗ, ಅಕ್ಕ ಆ ನಿಯಮದ ಪುಟವನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಫೈಲಿನ ಮೊದಲ ಹಾಳೆಯಾಗಿಸಿಕೊಂಡರು. ಅಂದಿನಿಂದ ಆ ಹಾಳೆ ಅಲ್ಲಿಂದ ಕದಲಲಿಲ್ಲ.

ಆದರೆ ಕಾಯ್ದೆ ಓದಿದವರಿಗೆ ಕಾಣದ ಕಷ್ಟವೊಂದಿದೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟವರ ಬಳಿ ಹೆಸರು ಬದಲಿಸಿಕೊಳ್ಳಲು ಹಳೆಯ ಹೆಸರಿನ ಕಾಗದವೂ ಇರುವುದಿಲ್ಲ. ಶಾಲೆಯ ವರ್ಗಾವಣೆ ಪತ್ರವೋ ಜನನ ಪತ್ರವೋ ಊರಿನ ಮನೆಯ ಟ್ರಂಕಿನಲ್ಲಿರುತ್ತದೆ. ಅಂಥವರನ್ನು ಕರೆದುಕೊಂಡು ಅಕ್ಕ ತೀರ್ಥಹಳ್ಳಿಯ, ಹೊಸನಗರದ ಒಳಊರುಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅಡಿಕೆ ಹರವಿದ ಅಂಗಳದ ಅಂಚಿನಲ್ಲಿ ನಿಂತು, ಒಳಗೆ ಕರೆಯದಿದ್ದರೂ ಬೇಸರಿಸದೆ, ತಾಯಿ ಹಿತ್ತಲ ಬಾಗಿಲಿನಿಂದ ಆ ಒಂದು ಹಾಳೆಯನ್ನು ತಂದುಕೊಡುವವರೆಗೆ ಕಾಯುತ್ತಿದ್ದರು. ಕೆಲವು ತಾಯಂದಿರು ಹಾಳೆಯೊಂದಿಗೆ ಒಂದು ಮುಷ್ಟಿ ಚಕ್ಕುಲಿಯನ್ನೂ ಕಟ್ಟಿಕೊಟ್ಟರಂತೆ. ನನ್ನ ಮಟ್ಟಿಗೆ ಅವರ ಹೋರಾಟದ ದೊಡ್ಡ ಭಾಗ ನಡೆದದ್ದು ಆ ಅಂಗಳಗಳಲ್ಲೇ.

ಉಯಿಲು ಬರೆಸಬೇಕೆಂದು ಅವರೇ ಕೇಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡಸಿಗೊಂದು, ಹೆಂಗಸಿಗೊಂದು ವಾರಸುದಾರರ ಕ್ರಮ ಹೇಳುತ್ತದೆಯೇ ಹೊರತು, ಸಮುದಾಯದ ಹಿರಿಯರು ಕಿರಿಯರನ್ನು ಶಿಷ್ಯರಾಗಿ ಸ್ವೀಕರಿಸುವ ಗುರು ಚೇಲಾ ಸಂಬಂಧವನ್ನು ಅದರ ಪಟ್ಟಿಗಳು ಹೆಸರಿಸುವುದಿಲ್ಲ. ಇಪ್ಪತ್ತು ವರ್ಷ ಗುರುವಿನ ಸೇವೆ ಮಾಡಿದ ಚೇಲಾ ಆ ಪಟ್ಟಿಯಲ್ಲಿ ಇಲ್ಲ. ಬ್ಯಾಂಕಿನ ನಾಮಿನಿಯಾಗಿದ್ದರೂ ಆಕೆ ಸಾಮಾನ್ಯವಾಗಿ ಹಣ ಪಡೆದುಕೊಳ್ಳುವವಳೇ ವಿನಾ ಒಡತಿಯಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆದರೂ ಈ ಸಮುದಾಯದವರಿಗೆ ನೋಂದಣಿ ಮಾಡಿಸಿ ಎಂದೇ ನಾನು ಒತ್ತಾಯಿಸುತ್ತೇನೆ, ಮತ್ತು ಹಳೆಯ ಹೆಸರು, ಈಗಿನ ಹೆಸರು ಎರಡನ್ನೂ ಗುರುತಿನ ಪ್ರಮಾಣಪತ್ರದ ಸಂಖ್ಯೆಯೊಂದಿಗೆ ಬರೆಸುತ್ತೇನೆ, ಏಕೆಂದರೆ ನಾಳೆ ತಕರಾರು ಏಳುವುದು ಆಸ್ತಿಗಿಂತ ಮೊದಲು ವ್ಯಕ್ತಿ ಯಾರೆಂಬುದರ ಮೇಲೆ. ಅಕ್ಕನಿಗಿದ್ದದ್ದು ಒಂದಿಷ್ಟು ಉಳಿತಾಯ, ಎರಡು ಬಳೆ, ಒಂದು ಹೊಲಿಗೆ ಯಂತ್ರ. ಉಯಿಲಿನ ಕೊನೆಯಲ್ಲಿ ಅವರು ಒಂದು ಸಾಲು ಸೇರಿಸಿದರು: ತನ್ನನ್ನು ಹಸಿರು ಸೀರೆ ಉಡಿಸಿ ಕಳಿಸಬೇಕು. ಅಂತ್ಯಸಂಸ್ಕಾರದ ಮಾತು ಆಸ್ತಿಯ ಮಾತಿನಷ್ಟು ಗಟ್ಟಿಯಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ನಾನು ವಿವರಿಸಿದೆ. ಇರಲಿ, ಬರೆಯಿರಿ ಎಂದರು.

ಅವರು ಹೋದ ದಿನ ಆಸ್ಪತ್ರೆಯ ಹಾಳೆಯಲ್ಲಿ ಹಳೆಯ ಹೆಸರೇ ಇತ್ತು. ಊರಿನಿಂದ ಬಂದ ಅಣ್ಣಂದಿರ ಕೈಯಲ್ಲಿ ಬಿಳಿ ಪಂಚೆಯಿತ್ತು, ಚೇಲಾಗಳ ಕೈಯಲ್ಲಿ ಹಸಿರು ಸೀರೆ. ಸುರಿಯುವ ಮಳೆಯಲ್ಲಿ ಶವಾಗಾರದ ಮಾಡಿನಡಿ ನಿಂತು ನಾನು ಉಯಿಲಿನ ಆ ಸಾಲನ್ನು ಓದಿದೆ, ನನ್ನ ದನಿ ನಡುಗುತ್ತಿತ್ತು. ಹಿರಿಯಣ್ಣ ಬಹಳ ಹೊತ್ತು ಸುಮ್ಮನಿದ್ದು ಪಂಚೆಯನ್ನು ಮಡಿಸಿ ಚೀಲಕ್ಕಿಟ್ಟುಕೊಂಡರು; ಬಳೆ ತೊಡಿಸಿದ್ದು ಅವರ ಹೆಂಡತಿ. ಮರಣ ನೋಂದಣಿಗೆ ವರದಿ ಹೋಗುವ ಮುನ್ನವೇ ಪ್ರಮಾಣಪತ್ರ ತೋರಿಸಿ ಹೆಸರನ್ನು ಸರಿಪಡಿಸಿಕೊಂಡೆವು. ಆಮೇಲೂ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ತಿದ್ದಿಸಬಹುದು, ಆದರೆ ಅದಕ್ಕೆ ಮತ್ತೆ ಅಲೆಯಬೇಕು.

ನೀಲಿ ಫೈಲಿನಲ್ಲಿ ಮೂವರ ಅರ್ಜಿಗಳು ಅರ್ಧಕ್ಕೆ ನಿಂತಿದ್ದವು. ಎರಡು ಮುಗಿದಿವೆ. ಮೂರನೆಯದಕ್ಕೆ ಹೊಸನಗರದ ಕಡೆಯ ಮನೆಯೊಂದರಿಂದ ವರ್ಗಾವಣೆ ಪತ್ರ ಬರಬೇಕಿದೆ; ಬರುವ ಭಾನುವಾರ ಬೆಳಗಿನ ಬಸ್ಸಿಗೆ ಅಕ್ಕನ ಚೇಲಾ ಜೊತೆ ನಾನೂ ಹೊರಡುತ್ತಿದ್ದೇನೆ.