ಚುಕ್ಕಿ ನೋಡಿ ಕೋರಿಲೇಶನ್ ಹೇಳೋದು, ಎಲ್ಲಿಂದ ಬಂತು ಈ ಕಣ್ಣಳತೆ?

ಒಂದು ಸ್ಕ್ಯಾಟರ್ ಪ್ಲಾಟ್ (ಎರಡು ಅಳತೆಗಳ ಒಂದೊಂದು ಜೋಡಿಗೂ ಒಂದೊಂದು ಚುಕ್ಕಿ ಇಟ್ಟ ಗ್ರಾಫ್) ಮುಂದಿಟ್ಟು ಕೋರಿಲೇಶನ್, ಅಂದ್ರೆ ಆ ಎರಡು ಅಳತೆಗಳ ಸಂಬಂಧ ಎಷ್ಟು ಗಟ್ಟಿ ಅನ್ನೋ ನಂಬರ್ (0 ಅಂದ್ರೆ ನೇರ ಸಂಬಂಧ ಇಲ್ಲ, 1 ಅಂದ್ರೆ ಚುಕ್ಕಿಗಳೆಲ್ಲ ಏರೋ ಒಂದೇ ನೇರ ಗೆರೆ ಮೇಲೆ), ಎಷ್ಟಿರಬಹುದು ಹೇಳಿ ಅಂದ್ರೆ, 0.5 ಇದ್ರೂ ನಾವು ಸುಮಾರು ಜನ ಅದಕ್ಕಿಂತ ಕಮ್ಮೀನೇ ಹೇಳ್ತೀವಿ. ನಾನಂತೂ ಪ್ರತೀ ಸಲ ಎಡವ್ತೀನಿ.

ತಮಾಷೆ ಅಂದ್ರೆ ಈ ವಿದ್ಯೆ ಶುರುವಾಗಿದ್ದೇ ಕಣ್ಣಳತೆಯಿಂದ. 1833ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಜೋಡಿ ನಕ್ಷತ್ರಗಳ ಅಳತೆಗಳನ್ನ ಚೌಕದ ಹಾಳೆ ಮೇಲೆ ಚುಕ್ಕಿ ಇಟ್ಟು, ನಡುವೆ ಕೈಯಲ್ಲೇ ಗೆರೆ ಎಳೆದ, ಯಾಕಂದ್ರೆ ಅಳತೆಗಳಲ್ಲೇ ತಪ್ಪು ತುಂಬಿತ್ತು. ಆಮೇಲೆ ಬಂದವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. 1886ರ ಹೊತ್ತಿಗೆ 928 ಮಕ್ಕಳ ಎತ್ತರಾನ ಅವರ ಅಪ್ಪ ಅಮ್ಮನ ಎತ್ತರದ ಜೊತೆ ಟೇಬಲ್ ಮಾಡಿದ್ದ (ಗಂಡಸರ ಎತ್ತರಕ್ಕೆ ಸಮ ಆಗ್ಲಿ ಅಂತ ಹೆಂಗಸರ ಎತ್ತರಾನ 1.08ರಿಂದ ಗುಣಿಸಿ!), ಅದರಲ್ಲಿ ಒಂದೇ ಸಮ ಇರೋ ಸಂಖ್ಯೆಗಳನ್ನ ಗೆರೆ ಎಳೆದು ಸೇರಿಸ್ಕೊಂಡು ಹೋದ್ರೆ ಒಂದರೊಳಗೊಂದು ಮೊಟ್ಟೆ ಆಕಾರ ಬರ್ತಿತ್ತು. ಮತ್ತೆ 1888ರಲ್ಲಿ ಸುಮಾರು 350 ಗಂಡಸರ ಎತ್ತರ ಮತ್ತೆ ಮೊಳ ತಗೊಂಡ. ಹೌದು, ನಮ್ಮ ಹೂವಾಡಗಿತ್ತಿ ಅಳೆಯೋ ಅದೇ ಮೊಳ, ಮೊಣಕೈಯಿಂದ ಬೆರಳ ತುದಿವರೆಗೆ. ಎರಡನ್ನೂ ಅವುಗಳದ್ದೇ ಏರುಪೇರಿನಿಂದ (ಅಳತೆ ಒಬ್ಬರಿಂದ ಒಬ್ಬರಿಗೆ ಎಷ್ಟು ಬದಲಾಗುತ್ತೆ ಅನ್ನೋದರಿಂದ) ಭಾಗಿಸಿ ಗ್ರಾಫ್ ಮೇಲಿಟ್ಟು, ಗೆರೆ ಎಳೆದು, ಅದರ ಓರೆ ಎಷ್ಟು ಅಂತ ಓದಿದ: 0.8. ಅಂದ್ರೆ ಮೊದಮೊದಲ ಕೋರಿಲೇಶನ್ ನಂಬರ್ ಸಿಕ್ಕಿದ್ದು ಫಾರ್ಮುಲಾದಿಂದಲ್ಲ, ಚಿತ್ರದಿಂದ.

1896ರಲ್ಲಿ ಗಣಿತಜ್ಞ ಕಾರ್ಲ್ ಪಿಯರ್ಸನ್ ಫಾರ್ಮುಲಾ ಕೊಟ್ಟ, ಅಷ್ಟೇ, ಚಿತ್ರ ಮೂಲೆ ಸೇರ್ತು. ಅದನ್ನ ವಾಪಸ್ ಎಳ್ಕೊಂಡು ಬಂದಿದ್ದು 1973ರಲ್ಲಿ ಸ್ಟ್ಯಾಟಿಸ್ಟಿಕ್ಸ್ ತಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್. ಹನ್ನೊಂದು ಹನ್ನೊಂದು ಚುಕ್ಕಿಗಳ ನಾಲ್ಕು ಗುಂಪು, ನಾಲ್ಕಕ್ಕೂ ಕೋರಿಲೇಶನ್ 0.816, ಆದ್ರೆ ಪ್ಲಾಟ್ ಮಾಡಿದ್ರೆ ಒಂದು ಬಿಲ್ಲಿನ ಥರ ಬಾಗಿದೆ, ಇನ್ನೊಂದ್ರಲ್ಲಿ ಹತ್ತು ಚುಕ್ಕಿ 8ರ ಮೇಲೆ ನೆಟ್ಟಗೆ ನಿಂತು ಒಂದೇ ಒಂದು 19ರ ಹತ್ರ ಒಂಟಿಯಾಗಿ ಕೂತಿದೆ. ಆ ಒಂದನ್ನ ತೆಗೆದ್ರೆ ಕೋರಿಲೇಶನ್ ಲೆಕ್ಕ ಹಾಕೋಕೇ ಆಗಲ್ಲ, ಯಾಕಂದ್ರೆ ಉಳಿದ ಹತ್ತರಲ್ಲಿ ಅಡ್ಡ ಅಳತೆ ಬದಲಾಗೋದೇ ಇಲ್ಲ.

ಸರಿ, ಕಣ್ಣನ್ನೇ ನಂಬೋಣ ಅಂದ್ರೆ 1982ರಲ್ಲಿ ಕ್ಲೀವ್‌ಲ್ಯಾಂಡ್, ಡಯಾಕೊನಿಸ್, ಮೆಕ್‌ಗಿಲ್ ಅನ್ನೋ ಮೂವರು ಸಂಶೋಧಕರು ಸೇರಿ ಅದಕ್ಕೂ ಕಲ್ಲು ಹಾಕಿದ್ರು. ಅದೇ ಚುಕ್ಕಿಗಳನ್ನ ದೊಡ್ಡ ಚೌಕಟ್ಟಿನೊಳಗೆ ಚಿಕ್ಕ ಗುಂಪಾಗಿ ತೋರಿಸಿದ್ರೆ, ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೂ ಸಂಬಂಧ ಜಾಸ್ತಿ ಗಟ್ಟಿ ಇರೋ ಹಾಗೆ ಕಂಡಿತ್ತು.

ನನಗನಿಸೋದು, ಕಣ್ಣು ನೋಡೋದು ಗುಂಪಿನ ದಪ್ಪ, ನಂಬರ್ ಏರಿದಂಗೆ ಆ ದಪ್ಪ ಅದಕ್ಕೆ ಸಮಸಮ ಇಳಿಯಲ್ಲ. ಎರಡೂ ಅಕ್ಷದ ಸ್ಕೇಲ್ ಏರುಪೇರಿಗೆ ತಕ್ಕಂಗೆ ಸರಿ ಮಾಡಿ, ಗುಂಪು ಮೊಟ್ಟೆ ಆಕಾರ ಇದ್ರೆ, 0.5ರಲ್ಲೂ ಅದರ ಅಗಲ ಉದ್ದದ ಅರ್ಧಕ್ಕಿಂತ ಜಾಸ್ತಿ, ಸುಮಾರು 58%. ದುಂಡಗೇ ಕಾಣುತ್ತೆ, ಅದಕ್ಕೇ ನಾವು ಕಮ್ಮಿ ಹೇಳೋದು. ಸೌತೆಕಾಯಿ ಥರ ಸಣ್ಣಗಾಗಿ ಅಗಲ ಉದ್ದದ ಮೂರನೇ ಒಂದು ಭಾಗಕ್ಕೆ ಬಂದಾಗ ಗಾಲ್ಟನ್‌ನ ಮೊಳದ ನಂಬರ್, 0.8.